ಕೋಟಿನ ಮೇಲಿನ ಕೆಂಪು ಹೂವು ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ನವೆಂಬರಿನಲ್ಲಿ ವಿಡಿಯೋ ಕಾಲ್ ಮಾಡಿದಾಗ ಅವನ ಕೋಟಿನ ಮೇಲೆ ಕಾಗದದ ಕೆಂಪು ಹೂವೊಂದಿತ್ತು. ಏನೋ ಇದು ಅಂದರೆ, "ಯುದ್ಧದಲ್ಲಿ ಸತ್ತವರ ನೆನಪಿಗೆ ಇಲ್ಲಿ ಎಲ್ಲರೂ ಹಾಕ್ಕೊಳ್ತಾರಮ್ಮಾ, ಗಸಗಸೆ ಹೂವು" ಅಂದ. ಗಸಗಸೆ ಅಂದರೆ ಅಫೀಮಿನ ಗಿಡ ಅಲ್ವಾ? ಅದನ್ನೇ ಯಾಕೆ ಆರಿಸಿಕೊಂಡರು? ಯಾರು ಶುರು ಮಾಡಿದ್ದು? ಆ ಯುದ್ಧದಲ್ಲಿ ನಮ್ಮವರೂ ಸತ್ತರಂತಲ್ಲ, ನಮಗೂ ಇಂಥದ್ದೊಂದು ಹೂವಿದೆಯಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಗಸಗಸೆಯ ವಿಷಯ ಮುಗಿಸಿಬಿಡೋಣ. ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ನಾವು ಪಾಯಸಕ್ಕೆ ರುಬ್ಬುವ ಗಸಗಸೆಯ ಗಿಡವೂ ಆ ಕೆಂಪು ಹೂವಿನ ಗಿಡವೂ ದಾಯಾದಿಗಳು. ಆದರೆ ಎರಡೂ ಒಂದೇ ಅಲ್ಲ. ಗಸಗಸೆ, ಅಫೀಮು ಎರಡೂ ಸಿಗುವುದು ಪಪಾವರ್ ಸೋಮ್ನಿಫೆರಮ್ ಎಂಬ ಗಿಡದಿಂದ. ನಮ್ಮ ದೇಶದಲ್ಲಿ ಅದನ್ನು ಸರ್ಕಾರದ ಲೈಸೆನ್ಸ್ ಇಲ್ಲದೆ ಬೆಳೆಯುವಂತಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಗೊತ್ತುಪಡಿಸಿದ ಕಡೆ ಮಾತ್ರ ಬೆಳೆಯುತ್ತಾರೆ. ಹಾಗಾಗಿ ಗಸಗಸೆಯ ಡಬ್ಬಿ ಎಲ್ಲರ ಮನೆಯಲ್ಲಿದ್ದರೂ ಗಿಡ ನೋಡಿದವರು ನಮ್ಮಲ್ಲಿ ಕಡಿಮೆ. ಇಂಗ್ಲೆಂಡಿನವರು ಎದೆಗೆ ಸಿಕ್ಕಿಸಿಕೊಳ್ಳುವುದು ಪಪಾವರ್ ರೋಯಸ್. ಮೊಣಕಾಲೆತ್ತರದ ಗಿಡ, ಕಾಂಡದ ತುಂಬಾ ರೋಮ, ಹೂವಿಗೆ ನಾಲ್ಕೇ ಎಸಳು. ಗೋಧಿ ಹೊಲದಲ್ಲಿ ತಾನಾಗಿ ಹುಟ್ಟುವ ಕಳೆ. ಅದರಿಂದ ಅಫೀಮು ಬರುವುದಿಲ್ಲ.

ಇಂಗ್ಲಿಷಿನಲ್ಲಿ ಎರಡಕ್ಕೂ ಪಾಪ್ಪಿ ಅಂತಲೇ ಹೆಸರು. ನಾನು ಬೇಕೆಂದೇ ಒಂದು ಒತ್ತು ಜಾಸ್ತಿ ಹಾಕಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಒಮ್ಮೆ ಬೋರ್ಡಿನ ಮೇಲೆ ದೊಡ್ಡದಾಗಿ "ಪಾಪಿ ದಿನ" ಅಂತ ಬರೆದುಬಿಟ್ಟಿದ್ದೆ. ತಿರುಗಿ ನೋಡಿದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು.

ಅಫೀಮಿನ ಅನುಮಾನ ನಿಮಗೊಬ್ಬರಿಗೇ ಬಂದದ್ದಲ್ಲ ಬಿಡಿ. 2010ರ ನವೆಂಬರಿನಲ್ಲಿ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಚೀನಾಕ್ಕೆ ಹೋದರು. ಅವರೂ ಅವರ ಜೊತೆಗಿದ್ದ ಮಂತ್ರಿಗಳೂ ಈ ಹೂವು ಹಾಕಿಕೊಂಡಿದ್ದರು. ಅದನ್ನು ತೆಗೆದಿಡಿ, ನೋಡಿದರೆ ನಮಗೆ ಅಫೀಮು ಯುದ್ಧ ನೆನಪಾಗುತ್ತದೆ ಎಂದು ಚೀನಾದ ಅಧಿಕಾರಿಗಳು ಕೇಳಿಕೊಂಡರು. ಇವರು ತೆಗೆಯಲಿಲ್ಲ. ಗಿಡ ಬೇರೆ, ಹೂವು ಬೇರೆ, ಅದು ನಿಜ. ಆದರೆ ಬ್ರಿಟಿಷರು ಬಿಹಾರದ ರೈತರಿಂದ ಬೆಳೆಸಿ, ಪಟ್ನಾದ ಕಾರ್ಖಾನೆಯಲ್ಲಿ ಉಂಡೆ ಕಟ್ಟಿಸಿ, ಚೀನಾಕ್ಕೆ ಸಾಗಿಸಿದ ಅಫೀಮಿನ ಕತೆ ಗೊತ್ತಿದ್ದವರಿಗೆ ಚೀನೀಯರ ಸಿಟ್ಟು ತೀರಾ ವಿಚಿತ್ರವಾಗಿಯೇನೂ ಕಾಣುವುದಿಲ್ಲ.

ಈಗ ಯುದ್ಧದ ನೆಲಕ್ಕೆ, ಅಂದರೆ 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದ ನೆಲಕ್ಕೆ ಬರೋಣ. ಈ ಕಳೆಯ ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಮಣ್ಣಿನಡಿ ಸೇರಿಕೊಂಡ ಬೀಜ ಹತ್ತಾರು ವರ್ಷ ಹಾಗೇ ಮಲಗಿರಬಲ್ಲದು. ಅದು ಮೊಳೆಯಬೇಕಾದರೆ ಬೆಳಕು ಬೇಕು. ಬೆಳಕು ತಾಗಬೇಕಾದರೆ ಯಾರಾದರೂ ಮಣ್ಣು ಮಗುಚಬೇಕು. ಯುರೋಪಿನ ಹೊಲಗಳಲ್ಲಿ ಸಾವಿರಾರು ವರ್ಷದಿಂದ ನೇಗಿಲು ಈ ಕೆಲಸ ಮಾಡುತ್ತಾ ಬಂದಿತ್ತು. ನಮ್ಮಲ್ಲಿ ಖಾಲಿ ಸೈಟಿನಲ್ಲಿ ಪಾಯ ತೋಡಿ ಮಣ್ಣು ಗುಡ್ಡೆ ಹಾಕಿದರೆ ಮೊದಲ ಮಳೆಗೇ ಪಾರ್ಥೇನಿಯಂ ಏಳುತ್ತದಲ್ಲ, ಲೆಕ್ಕ ಹೆಚ್ಚುಕಡಿಮೆ ಅದೇ.

1914ರ ಕೊನೆಯ ಹೊತ್ತಿಗೆ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ, ಉತ್ತರ ಫ್ರಾನ್ಸಿನಲ್ಲಿ ನೇಗಿಲಿನ ಕೆಲಸವನ್ನು ಫಿರಂಗಿ ವಹಿಸಿಕೊಂಡಿತು. ಮೈಲಿಗಟ್ಟಲೆ ಕಂದಕ ತೋಡಿದರು. ಶೆಲ್ ಬಿದ್ದು ನೆಲವೆಲ್ಲ ಗುಂಡಿಯಾಯಿತು. ಕಳೆಗೆ ಅಡ್ಡ ಬರಲು ಬೆಳೆ ಇಲ್ಲ, ಕಿತ್ತೆಸೆಯಲು ರೈತನಿಲ್ಲ. ಇನ್ನೊಂದು ಮಾತು. ಅಲ್ಲಿ ಹೊಸದಾಗಿ ಅಗೆದ ನೆಲ ಯಾವುದು? ಗೋರಿ. ಶಿಲುಬೆಗಳ ನಡುವೆ ಹೂವು ಕಂಡಿತು ಎಂದು ಕವಿ ಹೇಳಿದರೆ ಅದರಲ್ಲಿ ಕಲ್ಪನೆ ಕಡಿಮೆ. ಗಿಡದ ಸ್ವಭಾವವೇ ಹಾಗೆ, ಹೆಣ ಹೂಳಲು ಅಗೆದ ಜಾಗದಲ್ಲೇ ಅದು ಮೊದಲು ಏಳುತ್ತದೆ.

ಇದು ಆ ಯುದ್ಧದಲ್ಲೇ ಮೊದಲು ಕಂಡದ್ದೂ ಅಲ್ಲ. ಈಗಿನ ಬೆಲ್ಜಿಯಂನ ಲಾಂಡೆನ್ ಎಂಬಲ್ಲಿ 1693ರಲ್ಲಿ ಒಂದು ಘೋರ ಕದನ ನಡೆಯಿತು. ಇಪ್ಪತ್ತು ಸಾವಿರ ಹೆಣ ಬಿದ್ದ ಆ ನೆಲದಲ್ಲಿ ಮರು ಬೇಸಿಗೆಗೆ ಲಕ್ಷಗಟ್ಟಲೆ ಪಾಪ್ಪಿ ಅರಳಿದ್ದನ್ನು ಮೆಕಾಲೆ ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ ಬರೆದಿದ್ದಾನೆ. ಹೌದು, ನಮಗೆ ಇಂಗ್ಲಿಷ್ ಶಾಲೆ ಕೊಟ್ಟ ಅದೇ ಮೆಕಾಲೆ. ಆದರೂ 1693ರ ನಂತರ ಯಾರೂ ಕೋಟಿಗೆ ಹೂವು ಸಿಕ್ಕಿಸಿಕೊಂಡು ಓಡಾಡಲಿಲ್ಲ. ಹೂವು ಅರಳಿತು, ಜನ ನೋಡಿದರು, ಮರೆತರು. 1915ರ ಹೂವನ್ನು ಮಾತ್ರ ಯಾಕೆ ಮರೆಯಲಿಲ್ಲ ಎನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ಇದಕ್ಕೆ ಎಲ್ಲರೂ ಕೊಡುವ ಉತ್ತರ: ಜಾನ್ ಮೆಕ್ರೇ ಎಂಬ ಕೆನಡಾದ ವೈದ್ಯ ಒಂದು ಪದ್ಯ ಬರೆದ, ಅದರಿಂದ. ತಪ್ಪೇನಲ್ಲ. ಆದರೆ ಅದು ಮೊದಲ ಮೆಟ್ಟಿಲು ಮಾತ್ರ.

ಮೆಕ್ರೇ ಹುಟ್ಟಿದ್ದು 1872ರಲ್ಲಿ, ಒಂಟಾರಿಯೋದ ಗ್ವೆಲ್ಫ್ ಊರಿನಲ್ಲಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲೂ ಕೆಲಸ ಮಾಡಿದ್ದ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪರ್ ಪಟ್ಟಣದ ಹೊರಗೆ, ಕಾಲುವೆಯ ಏರಿಯಲ್ಲಿ ಕೊರೆದ ಗುಹೆಯಂಥ ಜಾಗದಲ್ಲಿ ಕೂತು ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತಿದ್ದ. ಆ ಜಾಗಕ್ಕೆ ಎಸೆಕ್ಸ್ ಫಾರ್ಮ್ ಎಂದು ಹೆಸರು. ಈಗ ಪ್ರವಾಸಿಗಳಿಗೆ ತೋರಿಸುವ ಕಾಂಕ್ರೀಟ್ ಕೋಣೆಗಳು ಆಮೇಲೆ ಕಟ್ಟಿದವು, ಮೆಕ್ರೇಗೆ ಆ ಭಾಗ್ಯ ಇರಲಿಲ್ಲ. ಏಪ್ರಿಲ್ 22ರಂದು ಜರ್ಮನ್ನರು ಅಲ್ಲಿ ಕ್ಲೋರಿನ್ ಗ್ಯಾಸ್ ಬಿಟ್ಟರು. ಉಸಿರು ಕಟ್ಟಿದವರು, ಕೈಕಾಲು ಹೋದವರು ಹಗಲೂ ರಾತ್ರಿ ಬರುತ್ತಲೇ ಇದ್ದರು. ಮೇ 2ರಂದು ಅವನ ಸ್ನೇಹಿತ, ಲೆಫ್ಟಿನೆಂಟ್ ಅಲೆಕ್ಸಿಸ್ ಹೆಲ್ಮರ್, ಶೆಲ್ ಬಿದ್ದು ಸತ್ತ. ವಯಸ್ಸು 22. ಪಾದ್ರಿ ಇರಲಿಲ್ಲವಾಗಿ ಮೆಕ್ರೇಯೇ ಪ್ರಾರ್ಥನೆ ಹೇಳಿ ಮಣ್ಣು ಮಾಡಿದ. ಪದ್ಯ ಹುಟ್ಟಿದ್ದು ಮಾರನೇ ದಿನ ಎಂಬುದು ರೂಢಿಯಲ್ಲಿರುವ ಮಾತು. ಹದಿನೈದೇ ಸಾಲು. ಮಾತಾಡುವವರು ಸತ್ತವರು. ನಿನ್ನೆ ಮೊನ್ನೆ ಬದುಕಿದ್ದೆವು, ಸಂಜೆಯ ಕೆಂಪು ನೋಡಿದ್ದೆವು, ಈಗ ಫ್ಲಾಂಡರ್ಸ್‌ನ ಹೊಲದಲ್ಲಿ ಮಲಗಿದ್ದೇವೆ ಅನ್ನುತ್ತಾರೆ.

ಮೊದಲು ಕಳಿಸಿದ ಪತ್ರಿಕೆ ಪದ್ಯವನ್ನು ವಾಪಸ್ ಮಾಡಿತು. 'ಪಂಚ್' ಪತ್ರಿಕೆ 1915ರ ಡಿಸೆಂಬರ್ 8ರಂದು ಕವಿಯ ಹೆಸರಿಲ್ಲದೆ ಅಚ್ಚು ಹಾಕಿತು. ಆಮೇಲೆ ಅದನ್ನು ತಡೆಯುವವರೇ ಇರಲಿಲ್ಲ. ಮೊದಲ ಸಾಲಿನಲ್ಲಿ ಹೂವುಗಳು "ಓಲಾಡುತ್ತವೆ" ಅಂತಿದೆಯೋ "ಬೆಳೆಯುತ್ತವೆ" ಅಂತಿದೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮೆಕ್ರೇ ತಾನೇ ಕೈಯಾರೆ ಬರೆದುಕೊಟ್ಟ ಪ್ರತಿಗಳಲ್ಲಿ ಎರಡೂ ಇವೆ. ಕೆನಡಾ 2001ರಲ್ಲಿ ಹತ್ತು ಡಾಲರ್ ನೋಟಿನ ಮೇಲೆ ಈ ಸಾಲು ಹಾಕಿದಾಗ, ನೋಟಿನಲ್ಲೇ ಅಚ್ಚಿನ ತಪ್ಪು ಅಂತ ಜನ ಗುಲ್ಲೆಬ್ಬಿಸಿದ್ದರು.

ಈ ಪದ್ಯದ ಕೊನೆಯ ಭಾಗವನ್ನು ಹೆಚ್ಚಿನವರು ಮರೆತಿರುತ್ತಾರೆ, ಇಲ್ಲವೇ ಮರೆತಂತೆ ಮಾಡುತ್ತಾರೆ. ಅಲ್ಲಿ ಸತ್ತವರು ಶಾಂತಿ ಕೇಳುವುದಿಲ್ಲ. ನಮ್ಮ ಕೈಯ ಪಂಜು ನೀವು ಹಿಡಿಯಿರಿ, ಶತ್ರುವಿನ ಜೊತೆ ಹೋರಾಟ ಮುಂದುವರಿಸಿ, ಮಾತು ತಪ್ಪಿದರೆ ನಮಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಅದಕ್ಕೇ ಕೆನಡಾ ಸರ್ಕಾರ 1917ರಲ್ಲಿ ಯುದ್ಧದ ಸಾಲಪತ್ರ ಮಾರಲು ಈ ಪದ್ಯವನ್ನೇ ಬಳಸಿಕೊಂಡಿತು. ಸೈನ್ಯಕ್ಕೆ ಜನ ಸೇರಿಸಲೂ ಬಳಸಿದರು. ಸುಮ್ನೆ ದುಃಖದ ಪದ್ಯ ಅಂದುಕೊಂಡು ಓದಿದರೆ ಅರ್ಧ ಓದಿದ ಹಾಗೆ. ಮೆಕ್ರೇ ಯುದ್ಧದ ಕೊನೆ ನೋಡಲಿಲ್ಲ. 1918ರ ಜನವರಿ 28ರಂದು ಫ್ರಾನ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಹೆಲ್ಮರನ ಗೋರಿ ಮುಂದಿನ ಕದನಗಳ ಶೆಲ್ ದಾಳಿಯಲ್ಲಿ ಎಲ್ಲಿದೆಯೆಂದೇ ತಿಳಿಯದ ಹಾಗೆ ಕಳೆದುಹೋಯಿತು.

ಪದ್ಯ ಹೂವಿಗೆ ಹೆಸರು ಕೊಟ್ಟಿತು ನಿಜ. ಆದರೆ ಪದ್ಯವನ್ನು ಕೋಟಿಗೆ ಸಿಕ್ಕಿಸಿಕೊಳ್ಳಲು ಆಗುವುದಿಲ್ಲವಲ್ಲ. ಆ ಕೆಲಸ ಮಾಡಿದವರು ಇಬ್ಬರು ಹೆಂಗಸರು. ಒಬ್ಬರು ಅಮೆರಿಕದವರು, ಇನ್ನೊಬ್ಬರು ಫ್ರಾನ್ಸಿನವರು. ಇವರಿಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂಬುದು ನನ್ನ ಹಳೆಯ ತಕರಾರು, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯವರು ಮೊಯಿನಾ ಮೈಕಲ್. ಜಾರ್ಜಿಯಾ ರಾಜ್ಯದವರು, ಟೀಚರು. ಯುದ್ಧದ ಕೊನೆಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈಎಂಸಿಎಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ವಿದೇಶಕ್ಕೆ ಹೋಗುವ ಕಾರ್ಯಕರ್ತರನ್ನು ತಯಾರು ಮಾಡುವ ಕಚೇರಿ ಅದು. 1918ರ ನವೆಂಬರ್ 9, ಶನಿವಾರ. ಯುದ್ಧ ನಿಲ್ಲಲು ಇನ್ನೆರಡೇ ದಿನ. ಮಹಿಳೆಯರ ಪತ್ರಿಕೆಯೊಂದನ್ನು ತಿರುವಿ ಹಾಕುತ್ತಿದ್ದಾಗ ಮೆಕ್ರೇಯ ಪದ್ಯ ಕಣ್ಣಿಗೆ ಬಿತ್ತು. ಅಲ್ಲೇ ಕೂತು ಒಂದು ಹಳೇ ಲಕೋಟೆಯ ಹಿಂಭಾಗದಲ್ಲಿ ಉತ್ತರವಾಗಿ ತಾವೂ ಒಂದು ಪದ್ಯ ಗೀಚಿದರು. ಇನ್ನು ಮುಂದೆ ಸಾಯುವವರೆಗೂ ಕೆಂಪು ಪಾಪ್ಪಿ ಧರಿಸುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡರು.

ಅವತ್ತೇ ಆ ಕಚೇರಿಗೆ ಬಂದಿದ್ದ ಕೆಲವರು ಅವರಿಗೆ ಹತ್ತು ಡಾಲರ್ ಕೊಟ್ಟರು. ಮೈಕಲ್ ತಮ್ಮ ಕೈಯಿಂದ ಖರ್ಚು ಮಾಡಿ ಕಚೇರಿಯನ್ನು ಹೂವಿಟ್ಟು ಚೆಂದಗಾಣಿಸಿದ್ದರು, ಅದಕ್ಕೊಂದು ಉಡುಗೊರೆ. ಆ ದುಡ್ಡು ಹಿಡಿದು ಪಾಪ್ಪಿ ಹುಡುಕಿಕೊಂಡು ಹೊರಟರು. ನವೆಂಬರ್ ತಿಂಗಳ ನ್ಯೂಯಾರ್ಕಿನಲ್ಲಿ ನಿಜವಾದ ಪಾಪ್ಪಿ ಎಲ್ಲಿಂದ ಬರಬೇಕು? ವಾನಮೇಕರ್ ಎಂಬ ದೊಡ್ಡ ಅಂಗಡಿಯಲ್ಲಿ ರೇಷ್ಮೆ ಬಟ್ಟೆಯ ಹೂವು ಸಿಕ್ಕವು. ದೊಡ್ಡದು ಒಂದು, ಸಣ್ಣವು ಎರಡು ಡಜನ್. ಒಂದನ್ನು ತಾವು ಹಾಕಿಕೊಂಡರು, ಉಳಿದವನ್ನು ಕೇಳಿದವರಿಗೆ ಹಂಚಿದರು. ಅಲ್ಲಿಂದ ಪಾಪ್ಪಿ ಅಂದರೆ ಬಟ್ಟೆಯ ಹೂವು.

ಹಾಗಂತ ಅದು ಕೂಡಲೇ ಹಬ್ಬಲಿಲ್ಲ. ಪಂಜಿಗೆ ಪಾಪ್ಪಿ ಸುತ್ತಿದ ಒಂದು ಲಾಂಛನ ಮಾಡಿಸಿ ಪ್ರಚಾರ ಮಾಡಲು ನೋಡಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷ ಪತ್ರ ಬರೆದು, ಬಾಗಿಲು ಬಾಗಿಲಿಗೆ ಹೋಗಿ, ಕೊನೆಗೆ 1920ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ ಪಾಪ್ಪಿಯನ್ನು ಒಪ್ಪಿಕೊಂಡಿತು. ಮರು ವರ್ಷವೇ ಅದನ್ನು ಬಿಟ್ಟು ಡೈಸಿ ಹೂವು ಹಿಡಿಯಿತು. ಅದರ ಮರು ವರ್ಷ ಮತ್ತೆ ಪಾಪ್ಪಿಗೇ ಬಂತು. ಇವತ್ತು ಅಮೆರಿಕದಲ್ಲಿ ಈ ಹೂವು ಹೆಚ್ಚಾಗಿ ಕಾಣುವುದು ಮೇ ಕೊನೆಯ ಸ್ಮಾರಕ ದಿನಕ್ಕೆ, ಅದೂ ಇಂಗ್ಲೆಂಡಿನಷ್ಟು ಇಲ್ಲ.

ಎರಡನೆಯವರು ಆನಾ ಗೆರಾಂ. ಮೈಕಲ್ ಅವರಿಗೆ ಹೂವು ಹರಕೆಯಾದರೆ ಗೆರಾಂ ಅವರಿಗೆ ಅದು ಅನ್ನದ ದಾರಿಯಾಗಿ ಕಂಡಿತು. ಗೆರಾಂ ದೊಡ್ಡ ಭಾಷಣಗಾರ್ತಿ. ಯುದ್ಧದ ಕಾಲದಲ್ಲಿ ಅಮೆರಿಕವೆಲ್ಲ ಸುತ್ತಿ ಫ್ರಾನ್ಸಿಗಾಗಿ ಚಂದಾ ಎತ್ತಿದ್ದರು. ಯುದ್ಧ ಮುಗಿದಾಗ ಉತ್ತರ ಫ್ರಾನ್ಸಿನ ಊರೂರೇ ಹಾಳುಬಿದ್ದಿದ್ದವು. ವಿಧವೆಯರು, ಅನಾಥ ಮಕ್ಕಳು ಲೆಕ್ಕವಿಲ್ಲದಷ್ಟು. ಅವರಿಂದ ಬಟ್ಟೆಯ ಪಾಪ್ಪಿ ಮಾಡಿಸಿ, ಗೆದ್ದ ದೇಶಗಳಲ್ಲೆಲ್ಲ ಒಂದೇ ದಿನ ಮಾರಿದರೆ ಹೇಗೆ? ಮಾಡಿದವರಿಗೂ ಕೂಲಿ, ಬಂದ ಹಣ ಮಕ್ಕಳಿಗೆ. ಆ ದಿನಕ್ಕೆ ಅವರಿಟ್ಟ ಹೆಸರು ಪಾಪ್ಪಿ ದಿನ. (ಒತ್ತು ಮರೆಯಬೇಡಿ.)

1921 ಅವರ ವರ್ಷ. ಜುಲೈನಲ್ಲಿ ಕೆನಡಾದ ಮಾಜಿ ಸೈನಿಕರನ್ನು ಒಪ್ಪಿಸಿದರು. ತಮ್ಮ ಪ್ರತಿನಿಧಿಗಳನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಅಟ್ಟಿದರು. ತಾವು ಲಂಡನ್ನಿಗೆ ಹೋಗಿ ಅಲ್ಲಿನ ಮಾಜಿ ಸೈನಿಕರ ಸಂಘ ಬ್ರಿಟಿಷ್ ಲೀಜನ್ ಬಾಗಿಲು ತಟ್ಟಿದರು. ಆ ಸಂಘ ಹುಟ್ಟಿ ಆಗ ಕೆಲವೇ ತಿಂಗಳಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಎಲ್ಲಿಂದಲೋ ಬಂದ ಈ ಫ್ರೆಂಚ್ ಹೆಂಗಸನ್ನು ನಂಬುವುದು ಹೇಗೆ ಎಂದು, ವಿಚಾರಿಸಿಕೊಂಡು ಬರಲು ಫ್ರಾನ್ಸಿಗೆ ಜನ ಕಳಿಸಿದರು. ಗೆರಾಂ ಜಗ್ಗಲಿಲ್ಲ. ಹೂವಿನ ಹಣ ನಾನೇ ಹಾಕುತ್ತೇನೆ, ಮಾರಿದ ಮೇಲೆ ಕೊಡಿ ಎಂದರು. ಹಾಗೇ ಮಾಡಿದರು ಕೂಡ. 1921ರ ನವೆಂಬರ್ 11ಕ್ಕೆ ಬ್ರಿಟನ್ನಿಗೆ 90 ಲಕ್ಷ ಹೂವು ತರಿಸಿದ್ದರು. ಎಲ್ಲ ಖಾಲಿಯಾದವು. ಒಂದು ಲಕ್ಷದ ಆರು ಸಾವಿರ ಪೌಂಡ್ ಸೇರಿತು. ಕೆಲಸವಿಲ್ಲದೆ, ಕೈಕಾಲಿಲ್ಲದೆ ಊರಿಗೆ ಮರಳಿದ್ದ ಸೈನಿಕರ ಮನೆಗಳಿಗೆ ಹೋದ ಹಣ ಅದು.

ನ್ಯೂಜಿಲೆಂಡಿನ ಕತೆ ಇನ್ನೂ ಸ್ವಾರಸ್ಯ. ಫ್ರಾನ್ಸಿನಿಂದ ಹೂವು ಹೊತ್ತ ಹಡಗು ತಡವಾಯಿತು. ಅದು ಬಂದು ಮುಟ್ಟುವಾಗ ನವೆಂಬರ್ 11ರ ಪ್ರಚಾರಕ್ಕೆ ಸಮಯವೇ ಉಳಿದಿರಲಿಲ್ಲ. ಹೂವುಗಳನ್ನು ಹಾಗೇ ತೆಗೆದಿಟ್ಟು, 1922ರ ಏಪ್ರಿಲ್ 24ರಂದು, ಅಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ತಮ್ಮ ಸೈನಿಕರನ್ನು ನೆನೆಯುವ ಆಂಜಾಕ್ ದಿನದ ಹಿಂದಿನ ದಿನ, ಮಾರಿದರು. ಸುಮಾರು 2,45,000 ಸಣ್ಣ ಹೂವು ಖರ್ಚಾದವು. ಇವತ್ತಿಗೂ ಬ್ರಿಟನ್ನಿನವರು ನವೆಂಬರಿನಲ್ಲಿ ಪಾಪ್ಪಿ ಹಾಕಿಕೊಂಡರೆ ನ್ಯೂಜಿಲೆಂಡಿನವರು ಏಪ್ರಿಲ್‌ನಲ್ಲಿ ಹಾಕಿಕೊಳ್ಳುತ್ತಾರೆ. ಕಾರಣ ಏನೋ ದೊಡ್ಡದಿರಬೇಕು ಅಂದುಕೊಳ್ಳುತ್ತೇವೆ. ಹಡಗು ಲೇಟಾಯಿತು, ಅಷ್ಟೇ.

ಗೆರಾಂ ಅವರ ಸ್ವಂತ ದೇಶ ಮಾತ್ರ ಪಾಪ್ಪಿಯನ್ನು ಹಿಡಿಯಲಿಲ್ಲ. ಫ್ರಾನ್ಸಿನಲ್ಲಿ ಯುದ್ಧದ ನೆನಪಿನ ಹೂವು ನೀಲಿ ಬಣ್ಣದ ಬ್ಲುಯೆ. ಅದೂ ಗೋಧಿ ಹೊಲದ ಕಳೆಯೇ, ಅದೇ ಅಗೆದ ಮಣ್ಣಿನಲ್ಲಿ ಪಾಪ್ಪಿಯ ಪಕ್ಕದಲ್ಲೇ ಏಳುವಂಥದ್ದು. 1916ರಲ್ಲಿ ಪ್ಯಾರಿಸ್ಸಿನ ಇನ್ವಾಲೀಡ್ ಆಸ್ಪತ್ರೆಯಲ್ಲಿ ಸುಝಾನ್ ಲೆನಾರ್, ಶಾರ್ಲೋಟ್ ಮಾಲ್‌ತೇರ್ ಎಂಬ ಇಬ್ಬರು ಹೆಂಗಸರು ಗಾಯಾಳು ಸೈನಿಕರಿಗೆ ಬಟ್ಟೆಯಲ್ಲಿ ಈ ಹೂವು ಮಾಡುವುದನ್ನು ಕಲಿಸಿದರು. ಮಾರಿ ಬಂದ ಹಣ ಆ ಸೈನಿಕರಿಗೇ. ಇಲ್ಲೂ ನೋಡಿ, ಹೆಂಗಸರ ಕೈ, ಬಟ್ಟೆಯ ಹೂವು, ದುಡ್ಡು ಬೇಕಾದ ಬಡವರು. ಹೂವು ಯಾವುದಾದರೂ ಆಗಬಹುದಿತ್ತು ಎಂದು ನನಗೆ ಅನಿಸುವುದು ಇದಕ್ಕೇ. ಪದ್ಯದ ಬಲದಿಂದ ಹೂವು ಹುಟ್ಟಿರಬಹುದು. ನೂರು ವರ್ಷ ಬಾಳಿದ್ದು ಅದನ್ನು ಕಾಸಿಗೊಂದು ಮಾಡಿ ಮಾರಬಹುದಾಗಿತ್ತು ಎಂಬ ಕಾರಣಕ್ಕೆ.

ಬ್ರಿಟನ್ನಿನಲ್ಲಿ ಮುಂದೇನಾಯಿತು ಎಂದರೆ, ಫ್ರಾನ್ಸಿನಿಂದ ತರಿಸುವ ಬದಲು ನಮ್ಮ ಅಂಗವಿಕಲ ಸೈನಿಕರೇ ಯಾಕೆ ಮಾಡಬಾರದು ಎಂದು ಮೇಜರ್ ಜಾರ್ಜ್ ಹೌಸನ್ 1922ರಲ್ಲಿ ಲಂಡನ್ನಿನ ಓಲ್ಡ್ ಕೆಂಟ್ ರೋಡಿನಲ್ಲಿ ಒಂದು ಸಣ್ಣ ಕಾರ್ಖಾನೆ ತೆರೆದ. ಐದೇ ಜನ ಕೆಲಸಗಾರರು. ಇದು ಅಂಥಾ ಗೆಲ್ಲುತ್ತದೆ ಎಂಬ ನಂಬಿಕೆ ನನಗಿಲ್ಲ, ಆದರೂ ಒಂದು ಕೈ ನೋಡಬೇಕು ಎಂದು ತಂದೆ ತಾಯಿಗೆ ಬರೆದಿದ್ದ. ಆ ಕಾರ್ಖಾನೆ ಆಮೇಲೆ ರಿಚ್ಮಂಡಿಗೆ ಹೋಯಿತು. ನಿಮ್ಮ ಮಗನ ಕೋಟಿನ ಹೂವನ್ನು ನೆನಪು ಮಾಡಿಕೊಳ್ಳಿ. ಎರಡೇ ಎಸಳು, ಒಂದು ಎಲೆ, ನಡುವೆ ಕಪ್ಪು ಗುಂಡಿ. ಅಷ್ಟು ಸರಳ ಯಾಕೆಂದರೆ ಕೈ ಕಳೆದುಕೊಂಡವನೂ ಜೋಡಿಸುವಂತಿರಬೇಕಿತ್ತು. ಸ್ಕಾಟ್ಲೆಂಡಿನಲ್ಲಿ 1926ರಿಂದ ಬೇರೆಯೇ ಕಾರ್ಖಾನೆ ಇದೆ. ಅಲ್ಲಿನ ಹೂವಿಗೆ ನಾಲ್ಕು ಎಸಳು, ಎಲೆ ಇಲ್ಲ. ಸ್ಕಾಟ್ಲೆಂಡಿನವರು ನಮ್ಮದೇ ನಿಜವಾದ ಪಾಪ್ಪಿ ಎನ್ನುತ್ತಾರೆ. ಸಸ್ಯಶಾಸ್ತ್ರ ಅವರ ಕಡೆಗಿದೆ.

ಆ ಕಪ್ಪು ಗುಂಡಿಯ ಮೇಲೆ 1994ರವರೆಗೂ "ಹೇಗ್ ಫಂಡ್" ಎಂದು ಬರೆದಿರುತ್ತಿತ್ತು. ಡಗ್ಲಸ್ ಹೇಗ್ ಎಂದರೆ ಬ್ರಿಟಿಷ್ ಸೇನಾಪತಿ, ಲೀಜನ್ನಿನ ಮೊದಲ ಅಧ್ಯಕ್ಷ. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನ, ಅವನ ಆಜ್ಞೆಯ ಮೇಲೆ ಕಂದಕ ಬಿಟ್ಟು ಎದ್ದವರಲ್ಲಿ 19 ಸಾವಿರಕ್ಕೂ ಹೆಚ್ಚು ಜನ ಸಂಜೆಯೊಳಗೆ ಸತ್ತಿದ್ದರು. ಅದೇ ಹೆಸರು ಹೂವಿನ ನಡುವೆ. ಗಂಡನನ್ನೋ ಮಗನನ್ನೋ ಕಳೆದುಕೊಂಡ ಎಷ್ಟೋ ಮನೆಗಳಿಗೆ ಇದು ಕಹಿಯಾಗಿರಲೇಬೇಕು. 1933ರಲ್ಲಿ ಸಹಕಾರಿ ಮಹಿಳಾ ಸಂಘದವರು ಬಿಳಿ ಪಾಪ್ಪಿ ತಂದರು. ಸತ್ತವರೆಲ್ಲರಿಗೂ ಇದು, ಇನ್ನು ಯುದ್ಧ ಬೇಡ ಎಂದು. ಅದಕ್ಕೆ ಕೆಲಸ ಕಳೆದುಕೊಂಡ ಹೆಂಗಸರೂ ಇದ್ದರು. ಈಗಲೂ ಬಿಳಿ ಹೂವು ಸಿಗುತ್ತದೆ, ಈಗಲೂ ಬೈಗುಳ ತಿನ್ನುತ್ತದೆ. ಉತ್ತರ ಐರ್ಲೆಂಡಿನಲ್ಲಂತೂ ಕೆಂಪು ಪಾಪ್ಪಿ ಹಾಕಿದರೆ ಬ್ರಿಟನ್ ಪರದ ಪಕ್ಷ, ಬಿಟ್ಟರೆ ಐರ್ಲೆಂಡ್ ಪರದ ಪಕ್ಷ. ಡೆರಿಯ ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್ ಹಾಕಿಕೊಳ್ಳಲಾರೆ ಎಂದು ಪ್ರತಿ ನವೆಂಬರಿನಲ್ಲೂ ಮೈದಾನದಲ್ಲಿ ಕೂಗಾಟ ಕೇಳಬೇಕಾಯಿತು. 1972ರಲ್ಲಿ ಅವನ ಊರಿನಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದ್ದರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮೆಕ್ರೇ ಪದ್ಯ ಬರೆಯುವ ಒಂದು ವಾರ ಮೊದಲು, 1915ರ ಏಪ್ರಿಲ್ 26ರಂದು, ಅದೇ ಈಪರ್‌ನಲ್ಲಿ ನಮ್ಮ ಲಾಹೋರ್ ಡಿವಿಷನ್ ದಾಳಿಗೆ ಇಳಿದಿತ್ತು. ಗ್ಯಾಸಿಗೆ ಆಗ ಸರಿಯಾದ ಮುಖವಾಡವೂ ಇರಲಿಲ್ಲ. ಜಮಾದಾರ್ ಮೀರ್ ದಸ್ತ್ ಅವತ್ತು ಗ್ಯಾಸಿನ ನಡುವೆ ಎಂಟು ಮಂದಿ ಗಾಯಗೊಂಡ ಅಧಿಕಾರಿಗಳನ್ನು ಹೊತ್ತು ತರಲು ನೆರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಆ ಯುದ್ಧದಲ್ಲಿ ಒಟ್ಟು ಸುಮಾರು 74,000 ಭಾರತೀಯ ಸೈನಿಕರು ಸತ್ತರು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಗೋರಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದ ಸ್ಮಾರಕವಿದೆ.

ನಮ್ಮ ಮೈಸೂರಿನವರು ಸತ್ತ ನೆಲವೇ ಬೇರೆ, ಅಲ್ಲಿ ಪಾಪ್ಪಿಯ ಮಾತು ಬರುವುದಿಲ್ಲ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಜಿಪ್ಟ್, ಪ್ಯಾಲೆಸ್ಟೀನ್ ಕಡೆ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣ ಹಿಡಿಯಿತು. ದೆಹಲಿಯ ತೀನ್ ಮೂರ್ತಿಯಲ್ಲಿ ಮೂವರು ಸೈನಿಕರು ನಿಂತಿದ್ದಾರಲ್ಲ, ಅವರಲ್ಲೊಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ. ಸುತ್ತಮುತ್ತ ಇರುವವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹೂವಿನ ವಿಷಯಕ್ಕೆ ಬಂದರೆ, ದೆಹಲಿಯ ಸೇನಾ ಅಧ್ಯಯನ ಸಂಸ್ಥೆ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ನಮ್ಮ ಸೈನಿಕರ ನೆನಪಿಗೆ ಚೆಂಡು ಹೂವು ಇರಲಿ ಎಂದು ಮುಂದಿಟ್ಟಿದೆ. ಎಲ್ಲ ಕಡೆ ಸಿಗುತ್ತದೆ, ಕೇಸರಿ ಬಣ್ಣ ತ್ಯಾಗದ ಬಣ್ಣ ಎಂಬುದು ಅವರ ವಾದ. ಒಳ್ಳೆಯ ಆಯ್ಕೆಯೇ. ತಮಾಷೆ ಅಂದರೆ ಚೆಂಡು ಹೂವು ಹುಟ್ಟಾ ನಮ್ಮದಲ್ಲ, ಮೆಕ್ಸಿಕೋ ಕಡೆಯದು. ಅಲ್ಲಿ ಸತ್ತವರ ಹಬ್ಬಕ್ಕೆ ಗೋರಿಯ ಮೇಲೆ ಸುರಿಯುವುದೂ ಅದನ್ನೇ. ಬ್ರಿಟನ್ನಿನಲ್ಲಿ 2018ರಲ್ಲಿ ಭಾರತೀಯ ಸೈನಿಕರ ಗೌರವಕ್ಕೆ ಖಾದಿ ಬಟ್ಟೆಯ ಪಾಪ್ಪಿ ತಂದರು. ನನಗೆ ಅದು ಸ್ವಲ್ಪ ಇರುಸುಮುರುಸು. ಬ್ರಿಟಿಷರ ಬಟ್ಟೆ ಸುಟ್ಟು ಉಟ್ಟ ಖಾದಿ ಬ್ರಿಟಿಷರ ಯುದ್ಧದ ಗುರುತಾಗುವುದು ಹೇಗೆ? ಆದರೆ ಅದೇ ಗಾಂಧೀಜಿ 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಸೇರಿ ಎಂದು ಊರೂರು ತಿರುಗಿದ್ದೂ ನಿಜ. ಇತಿಹಾಸ ಕೇಳಿದರೆ ಯಾವ ಕಡೆಗೂ ಪೂರ್ತಿ ನಿಲ್ಲಲು ಬಿಡುವುದಿಲ್ಲ.

ಹಳೆಯ ಕನ್ನಡ ನಾಡಿನಲ್ಲಿ ಸತ್ತವನಿಗೆ ನಿಲ್ಲಿಸುತ್ತಿದ್ದದ್ದು ಕಲ್ಲು. ನಿಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಕೆರೆ ಏರಿ, ಗುಡಿ ಅಂಗಳಗಳಲ್ಲಿ ವೀರಗಲ್ಲುಗಳನ್ನು ನೋಡಿರುತ್ತೀರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ದನ ಕಾಯಲು ಹೋಗಿ ಸತ್ತವನಿಗೂ ಕಲ್ಲು ಸಿಕ್ಕಿತ್ತು. ಪಾಪ್ಪಿ ದಿನಕ್ಕೆ ಸರಿಜೋಡಿ ಬೇಕಾದರೆ ನಮ್ಮಲ್ಲಿ ಇನ್ನೊಂದಿದೆ: ಡಿಸೆಂಬರ್ 7ರ ಧ್ವಜ ದಿನ. 1949ರಿಂದ ನಡೆಯುತ್ತಿದೆ. ಶಾಲೆಯಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟ ಕೊಟ್ಟು, ಮನೆಯಿಂದ ದುಡ್ಡು ತರಲು ಹೇಳುತ್ತಿದ್ದರಲ್ಲ, ಅದೇ. ಸೈನಿಕರ ಕುಟುಂಬಗಳಿಗೆ ಹೋಗುವ ಹಣ. ಗೆರಾಂ ಅವರ ಉಪಾಯವೇ, ಹೂವಿನ ಜಾಗದಲ್ಲಿ ಬಾವುಟ.

ನಿಮ್ಮ ಮಗ ಪಾಪ್ಪಿ ಹಾಕಿಕೊಳ್ಳಲಿ, ಬಿಡಲಿ, ಅದು ಅವನ ಇಷ್ಟ. ಕಡ್ಡಾಯ ಏನಿಲ್ಲ, ಎಡಕ್ಕೋ ಬಲಕ್ಕೋ ಎಂಬ ನಿಯಮವೂ ಇಲ್ಲ. ರಜೆ ಸಿಕ್ಕರೆ ಜೂನ್‌ನಲ್ಲಿ ಒಮ್ಮೆ ಈಪರ್‌ಗೆ ಹೋಗಿ ಬಾ ಎನ್ನಿ. ಅಲ್ಲಿನ ಮೆನಿನ್ ಗೇಟ್ ಎಂಬ ದೊಡ್ಡ ಕಮಾನಿನಲ್ಲಿ ಗೋರಿ ಸಿಗದ 54 ಸಾವಿರಕ್ಕೂ ಹೆಚ್ಚು ಜನರ ಹೆಸರಿದೆ. ಹೆಲ್ಮರನದೂ ಇದೆ, ನಮ್ಮವರದೂ ಇದೆ. ದಿನಾ ಸಂಜೆ ಎಂಟಕ್ಕೆ ಕಹಳೆ ಊದುತ್ತಾರೆ. ಆ ಹೊತ್ತಿಗೆ ಹೊಲದ ಅಂಚಿನಲ್ಲಿ ಪಾಪ್ಪಿ ಅರಳಿರುತ್ತದೆ. ಕೀಳುವುದು ಬೇಡ ಎನ್ನಿ. ಕಿತ್ತರೆ ಕೋಟಿಗೆ ಸಿಕ್ಕಿಸುವಷ್ಟರಲ್ಲಿ ಎಸಳು ಉದುರಲು ಶುರುವಾಗುತ್ತದೆ, ಬಸ್ ಹತ್ತುವಾಗ ಕೈಯಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ.